ಪಪ್ಪಾಯಿ ಬಾರದ ಮನೆ

ಬೇರೆಯವರ ಮನೆಯಲ್ಲಿ ಊಟದ ಹೊತ್ತಿಗೆ ಕ್ರಿಕೆಟ್ಟಿನ ಮಾತೋ ವೀಸಾದ ಮಾತೋ ಬರುತ್ತಿದ್ದರೆ ನಮ್ಮ ಮನೆಯಲ್ಲಿ ಗರ್ಭಕೋಶದ ಮಾತು ಬರುತ್ತಿತ್ತು. ಅಪ್ಪನ ಕೆಲಸವೇ ಅದು. ಅಮೆರಿಕದ ಬಾಥೆಲ್ ಎಂಬ ಊರಿನ ಒಂದು ಪ್ರಯೋಗಾಲಯದಲ್ಲಿ ಅವನು ಶುಂಠಿ, ಓಂಕಾಳು, ಸೋಂಪು, ಮೆಂತ್ಯ ಇಂಥವುಗಳ ಸತ್ವ ತೆಗೆದು, ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯುತ್ತದೆಯೋ ಸಡಿಲಿಸುತ್ತದೆಯೋ ಎಂದು ನೋಡುತ್ತಿದ್ದ. ಮುಟ್ಟಿನ ಹೊಟ್ಟೆನೋವಿಗೆ, ದಿನ ತುಂಬುವ ಮೊದಲೇ ಬರುವ ಹೆರಿಗೆ ನೋವಿಗೆ ಗಿಡಗಳಿಂದ ಏನಾದರೂ ಮದ್ದು ಸಿಕ್ಕೀತೇ ಎಂಬುದು ಅವನ ತಂಡದ ಹುಡುಕಾಟ. ಸಾರಿನ ಒಗ್ಗರಣೆ ಚಟಗುಟ್ಟುವಾಗ ಅವನು ಒಲೆಯ ಪಕ್ಕ ನಿಂತು, ಕೈಯ ಸ್ನಾಯು ನಾವು ಹೇಳಿದ್ದು ಕೇಳುತ್ತದೆ, ಆದರೆ ಕರುಳು, ಗರ್ಭಕೋಶಗಳ ಸ್ನಾಯು ಯಾರ ಮಾತೂ ಕೇಳುವುದಿಲ್ಲ, ಅದಕ್ಕೆ ಅದರದೇ ಲಯ ಎಂದು ನನಗೆ ಹೇಳುತ್ತಿದ್ದ. ಶಾಲೆಯಲ್ಲಿ ತಂದೆತಾಯಿಯ ಉದ್ಯೋಗದ ಬಗ್ಗೆ ಮಾತಾಡಿ ಎಂದಾಗ ನಾನು ಎದ್ದು ನಿಂತು, ನಮ್ಮಪ್ಪ ಗರ್ಭಕೋಶಗಳಿಗೆ ವಿಶ್ರಾಂತಿ ತೆಗೆದುಕೊಳ್ಳುವುದನ್ನು ಕಲಿಸುತ್ತಾನೆ ಎಂದುಬಿಟ್ಟೆ. ಟೀಚರ್ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಆಫೀಸಿನಿಂದಲೇ, ಅದರಲ್ಲಿ ತಪ್ಪೇನಿದೆ, ಸರಿಯಾಗಿಯೇ ಹೇಳಿದ್ದಾಳಲ್ಲ ಎಂದಳಂತೆ.

ಅಮ್ಮ ಹಾಗೆಯೇ. ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ಮಾತು ನೇರ. ಅಪ್ಪ ಬಾಗಲಕೋಟೆಯವನು. ನಮ್ಮದು ಸಾಲು ಮನೆಗಳಲ್ಲಿ ಒಂದು, ಗೋಡೆಗೆ ಗೋಡೆ ಅಂಟಿಕೊಂಡದ್ದು. ಕೆಳಗೆ ಗ್ಯಾರೇಜು ಮತ್ತು ಒಂದು ಸಣ್ಣ ಕೋಣೆ, ನಡುವೆ ಅಡುಗೆಮನೆ, ಮೇಲೆ ಮಲಗುವ ಕೋಣೆಗಳು. ಬಾಗಿಲ ಬಳಿ ಕೋಟು ತೂಗುಹಾಕಲೆಂದು ಕಟ್ಟಿದ್ದ ಗೂಡು ನಮ್ಮ ದೇವರಮನೆ. ವಿಭೂತಿಯ ವಾಸನೆಯೂ ಒದ್ದೆ ಜಾಕೆಟ್ಟುಗಳ ವಾಸನೆಯೂ ಸೇರಿ ಅಲ್ಲಿ ಒಂದು ಬೇರೆಯೇ ವಾಸನೆ ಇರುತ್ತಿತ್ತು, ಬಹಳ ಕಾಲ ನಾನು ಅದನ್ನೇ ಭಕ್ತಿಯ ವಾಸನೆ ಎಂದುಕೊಂಡಿದ್ದೆ. ಈ ಮನೆಗೆ, ಅಮ್ಮ ಎರಡನೆಯ ಬಾರಿ ಬಸುರಿಯಾದಾಗ, ಅಪ್ಪನ ಅವ್ವ ಬಂದಳು. ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ಅವಳ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಹೆಚ್ಚು ಬಾಣಂತಿಗೆ ಬೇಕಾಗುವ ಸಾಮಾನಿತ್ತು: ಉಂಡಿಗೆ ಹಾಕುವ ಅಂಟು, ಒಣಕೊಬ್ಬರಿ, ಸಬ್ಬಸಿಗೆ ಕಾಳು, ಅಳವಿ ಬೀಜ. ನನಗಾಗ ಹತ್ತು ತುಂಬಿತ್ತು. ಆಯಿ ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಅವಳು ತಾಟಿನಲ್ಲಿ ಜೋಳದ ಹಿಟ್ಟು ಹರಡಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದಳು. ಈ ಪುಟಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದು ಆ ಚಳಿಗಾಲದ ದೆಸೆಯಿಂದ.

ಆಯಿ ಬಂದ ವಾರದೊಳಗೆ ಅಡುಗೆಮನೆಯಲ್ಲಿ ಹೊಸ ಕಾನೂನುಗಳು ಜಾರಿಯಾದವು. ಬಸುರಿ ಎಳ್ಳು ತಿನ್ನಬಾರದು, ಅನಾನಸು ತಿನ್ನಬಾರದು, ಮೆಂತ್ಯ ಹೆಚ್ಚು ಬೇಡ. ಇವನ್ನೆಲ್ಲ ಅವಳು ಹೇಳುವ ದನಿಯಲ್ಲಿ ಸ್ವಲ್ಪ ಸಡಿಲವಿರುತ್ತಿತ್ತು. ಅಮ್ಮ ಎಳ್ಳಿನ ಚಿಗಳಿಗೆ ಕೈ ಹಾಕಿದರೆ ನೋಡಿಯೂ ನೋಡದಂತಿರುತ್ತಿದ್ದಳು. ಆದರೆ ಪಪ್ಪಾಯಿಯ ವಿಷಯ ಬೇರೆ. ಪಪ್ಪಾಯಿ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ, ಯಾರೂ ತಿನ್ನುವಂತಿರಲಿಲ್ಲ, ನಾನೂ ಕೂಡ. ಒಮ್ಮೆ ಅಪ್ಪ ತಂದ ಹಣ್ಣಿನ ಡಬ್ಬಿಯಲ್ಲಿ ಕಲ್ಲಂಗಡಿ, ದ್ರಾಕ್ಷಿಯ ಜತೆ ನಾಲ್ಕು ಪಪ್ಪಾಯಿ ಹೋಳು ಕಂಡದ್ದಕ್ಕೆ ಅವಳು ಇಡೀ ಡಬ್ಬಿಯನ್ನೇ ಹೊರಗಿನ ಕಸದ ತೊಟ್ಟಿಗೆ ಹಾಕಿ, ಕೈ ತೊಳೆದು ಬಂದಳು. ಅಮ್ಮ ಇಂಥದ್ದನ್ನು ಸಹಿಸುವವಳಲ್ಲ. ಎರಡು ದಿನ ಬಿಟ್ಟು, ಬೇಕೆಂದೇ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು.

“ಅತ್ತೆ, ಇವತ್ತು ಆಫೀಸ್ ಕೆಫೆಟೇರಿಯಾದಲ್ಲಿ ಪರಂಗಿ ಹಣ್ಣು ತಿಂದೆ. ತುಂಬಾ ಸಿಹಿಯಾಗಿತ್ತು.”

ಆಯಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅದು ಹೊಟ್ಟ್ಯಾಗಿನ ಕೂಸಿಗೆ ಆಗಂಗಿಲ್ಲ ಸುಮಾ.”

“ಏನಾಗತ್ತೆ ಹೇಳಿ. ನಿಮ್ಮ ಮಗ ಇಲ್ಲೇ ಕೂತಿದಾರೆ, ಅವರನ್ನೇ ಕೇಳೋಣ.”

ಅಪ್ಪನಿಗೆ ಇಬ್ಬರ ಕಣ್ಣೂ ತಪ್ಪಿಸಬೇಕಾಗಿತ್ತು. ಕಾಯಿ ಬೇರೆ, ಹಣ್ಣು ಬೇರೆ, ಕಾಯಿಯ ಹಾಲಿನಲ್ಲಿ ಸ್ನಾಯು ಬಿಗಿಯುವ ಗುಣ ಇದೆ ಅಂತಾರೆ, ಹಣ್ಣಿನ ಬಗ್ಗೆ ನಾನಾಗಿ ಮಾಡಿ ನೋಡಿಲ್ಲ ಎಂದು ತಟ್ಟೆಗೇ ಹೇಳಿದ. ಇದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ. ಆಯಿ ಊಟ ಬಿಟ್ಟು ಎದ್ದಳು. ನಾನು ಅವಳ ಕೋಣೆಗೆ ಇಣುಕಿದಾಗ ಮಂಚದ ಮೇಲೆ ಕೂತು, ಬರೀ ಗೋಡೆ ನೋಡುತ್ತಿದ್ದಳು. ಸಿಟ್ಟೆಂದು ನಾನು ತಿಳಿದೆ. ಹೆದರಿಕೆಯೂ ನೋಡಲು ಹಾಗೇ ಇರುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಅದಾಗಿ ಕೆಲವು ವಾರಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅಮ್ಮ ಡ್ರೈಯರ್‌ನಿಂದ ಬಟ್ಟೆ ತೆಗೆದು ಮಡಿಸುತ್ತಿದ್ದವಳು ಟವೆಲೊಂದನ್ನು ಎದೆಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಏಳನೆಯ ತಿಂಗಳು. ಏನಮ್ಮಾ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟು, ಅಪ್ಪನನ್ನು ಕರಿ ಎಂದಳು. ಅಪ್ಪ ಬಂದು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟ. ವರ್ಷಗಟ್ಟಲೆ ಪ್ರಯೋಗಾಲಯದ ಪರದೆಯ ಮೇಲೆ ಗೆರೆಯಾಗಿ ನೋಡಿದ್ದ ಬಿಗಿತ ಈಗ ಕೈಯಡಿಯಲ್ಲಿ ಕಲ್ಲಾಗಿ ಎದ್ದಾಗ ಅವನ ಮುಖದ ಬಣ್ಣವೇ ಹೋಯಿತು. ನಾಲ್ವರೂ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿ ಸ್ನಾಯು ಸಡಿಲಿಸುವ ಔಷಧಿ ಕೊಟ್ಟರು, ಕೂಸು ಬಂದೇಬಿಟ್ಟರೆ ಅದರ ಶ್ವಾಸಕೋಶಕ್ಕೆ ಬಲ ಬರಲೆಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು, ಹೊಟ್ಟೆಯ ಬಿಗಿತ ಅಳೆಯುವ ಯಂತ್ರದ ಕಾಗದದ ಮೇಲೆ ಏಳುವ ಬೀಳುವ ಗೆರೆಯನ್ನು ನೋಡುತ್ತಿದ್ದ. ಅವನ ಕಪಾಟಿನಲ್ಲಿದ್ದ ಅಷ್ಟೂ ಸತ್ವಗಳಲ್ಲಿ ಒಂದೂ ಆ ದಿನ ಅವನ ಹೆಂಡತಿಗೆ ಕೊಡುವ ಮಟ್ಟಕ್ಕೆ ಬಂದಿರಲಿಲ್ಲ. ಸಂಜೆಯ ಹೊತ್ತಿಗೆ ಗೆರೆ ಶಾಂತವಾಯಿತು. ಡಾಕ್ಟರು ಹೊರಗೆ ಹೋದರು. ಎಲ್ಲರೂ ಉಸಿರು ಬಿಟ್ಟ ಆ ಗಳಿಗೆಯಲ್ಲಿ ಆಯಿ ಬಾಯಿ ತೆರೆದಳು.

“ಆ ಹಣ್ಣು ತಿನಬ್ಯಾಡ ಅಂತ ಎಷ್ಟ ಬಡಕೊಂಡೆ ನಾ.”

ಅಮ್ಮ ಅವಳನ್ನು ನೋಡಲಿಲ್ಲ. ತೋಳಿಗೆ ಚುಚ್ಚಿದ ಕೊಳವೆ ಎಳೆಯದಂತೆ ನಿಧಾನವಾಗಿ ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಪ್ಪ “ಅವ್ವಾ, ಸಾಕು” ಎಂದ. ಅಷ್ಟೇ ಅವನಿಂದ ಆದದ್ದು.

ಮನೆಗೆ ಬಂದ ಮೇಲೆ ಅಮ್ಮನಿಗೆ ವಿಶ್ರಾಂತಿ. ಅವಳು ಮೇಲಿನ ಕೋಣೆಯಲ್ಲಿ, ಆಯಿ ಕೆಳಗಿನ ಕೋಣೆಯಲ್ಲಿ, ನಡುವೆ ನಾನೂ ಮೆಟ್ಟಿಲುಗಳೂ. ಆಯಿ ಹೆಸರುಬೇಳೆ ಹುಗ್ಗಿ, ತುಪ್ಪ, ತೆಳ್ಳಗೆ ಬಡಿದ ಬಿಸಿ ರೊಟ್ಟಿ ಮಾಡಿ ನನ್ನ ಕೈಲಿ ಕೊಡುತ್ತಿದ್ದಳು. ಇಷ್ಟು ಪ್ರೀತಿಯ ಅಡುಗೆ ಮಾಡುವವಳು ಆ ಮಾತು ಹೇಗೆ ಆಡಿದಳು ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಅಮ್ಮ ಉಂಡು, ತಟ್ಟೆ ವಾಪಸು ಕಳಿಸುತ್ತಿದ್ದಳು, ಮಾತು ಮಾತ್ರ ಕಳಿಸುತ್ತಿರಲಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿ ಕುಕ್ಕರಿನ ಸೀಟಿಯೇ ದೊಡ್ಡ ಸದ್ದು. ಒಂದು ಸಂಜೆ ನಾನು ಅಮ್ಮನ ಪಕ್ಕ ಹೋಮ್‌ವರ್ಕ್ ಮಾಡುತ್ತ ಕೂತಿದ್ದೆ, ಅಪ್ಪ ಕೆಲಸದಿಂದ ನೇರ ಮೇಲೆ ಬಂದು ಕೋಣೆಯ ಬಾಗಿಲಲ್ಲಿ ಶೂ ಲೇಸು ಬಿಚ್ಚುತ್ತಿದ್ದ. ಅಮ್ಮ ಸೂರು ನೋಡುತ್ತಲೇ ಕೇಳಿದಳು.

“ನಾನು ತಿಂದಿದ್ದಕ್ಕೇ ಹಿಂಗಾಯ್ತಾ? ನಿಜ ಹೇಳಿ. ನನಗೆ ಕೋಪ ಬರಲ್ಲ.”

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಅದಕ್ಕೇ ನನಗೆ ಭಯವಾದದ್ದು. ಟೀಚರನ್ನೇ ಫೋನಿನಲ್ಲಿ ಸುಮ್ಮನಾಗಿಸಿದ ಹೆಂಗಸು, ಎರಡು ವಾರ ಒಬ್ಬಳೇ ಮಲಗಿ, ಆಯಿಯ ಮಾತನ್ನು ಅರ್ಧ ನಂಬಿಬಿಟ್ಟಿದ್ದಳು. ಅಪ್ಪ ಒಂದು ಶೂ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಅವಳನ್ನೇ ನೋಡಿದ. ಅಲ್ಲ ಸುಮಾ, ಅಲ್ಲವೇ ಅಲ್ಲ ಎಂದ. ಅಮ್ಮ ತಲೆಯಾಡಿಸಿದಳು, ಸಮಾಧಾನಕ್ಕೆ ಹೇಳುವ ಮಾತಿಗೆ ತಲೆಯಾಡಿಸುವ ಹಾಗೆ.

ಮರುದಿನ ಅಪ್ಪ ಲಿನ್‌ವುಡ್‌ನ ಏಷ್ಯನ್ ಅಂಗಡಿಗೆ ಹೋಗಿ ಒಂದು ಹಸಿರು ಪಪ್ಪಾಯಿ, ಒಂದು ಹಳದಿ ಪಪ್ಪಾಯಿ ಕೊಂಡ. ಮನೆಯೊಳಗೆ ತರುವಂತಿಲ್ಲವಲ್ಲ, ಅವು ಕಾರಿನಲ್ಲೇ ಉಳಿದವು. ಪ್ರಯೋಗಾಲಯದಲ್ಲಿ ತನ್ನ ಮೇಲಿನವರ ಒಪ್ಪಿಗೆ ಪಡೆದ. ಶನಿವಾರ ಕೆಂಟ್‌ನಿಂದ ಅಮ್ಮನ ಗೆಳತಿ ರೇಖಾ ಆಂಟಿ ಬಂದು ಅಮ್ಮನ ಬಳಿ ಕೂತರು. ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ಆಯಿಗೆ ಹೇಳಿದ.

“ಅವ್ವಾ, ನಿನ್ನ ಮಗ ಏನ ಕೆಲಸಾ ಮಾಡ್ತಾನ ನೋಡೂಣು ಬಾ. ಗೌರಿನೂ ಬರ್ತಾಳ.”

ಆಯಿಗೆ ಅವನ ಸಂಚು ಗೊತ್ತಾಗಲಿಲ್ಲ ಎಂದು ನಾನು ಹೇಳಲಾರೆ. ಅವಳು ಹಸಿರಂಚಿನ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮೇಲೆ ಅಮ್ಮನ ಉದ್ದದ ಕೋಟು ಹಾಕಿಕೊಂಡು ಹೊರಟಳು. ಪ್ರಯೋಗಾಲಯದಲ್ಲಿ ನಮ್ಮಿಬ್ಬರಿಗೂ ದಪ್ಪ ಕನ್ನಡಕ ಕೊಟ್ಟು, ಏನನ್ನೂ ಮುಟ್ಟಬೇಡಿ ಎಂದು ಸ್ಟೂಲುಗಳ ಮೇಲೆ ಕೂರಿಸಿದ. ಮೇಜಿನ ಮೇಲೆ ಉದ್ದನೆಯ ಗಾಜಿನ ಲೋಟದಂಥದು. ಅದರಲ್ಲಿ ಮೈಬಿಸಿಯಷ್ಟೇ ಬೆಚ್ಚಗಿನ ಉಪ್ಪುನೀರು, ಕೆಳಗಿನಿಂದ ಗುಳುಗುಳು ಏಳುವ ಗುಳ್ಳೆ. ನೀರಿನೊಳಗೆ ಎರಡು ದಾರಗಳ ನಡುವೆ ಕಟ್ಟಿದ ಒಂದು ತೆಳು ಪಟ್ಟಿ, ಶಾವಿಗೆಯ ಎಳೆಗಿಂತ ಸ್ವಲ್ಪ ದಪ್ಪ. ಮೇಲಿನ ದಾರ ಒಂದು ಕೊಕ್ಕೆಗೆ. ಪಟ್ಟಿ ಹಿಂಡಿಕೊಂಡಾಗ ದಾರ ಎಳೆಯುತ್ತದೆ, ಆ ಎಳೆತ ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಬೆಳಗಿನ ಬೇರೆ ಪ್ರಯೋಗಕ್ಕೆಂದು ತೆಗೆದದ್ದರಲ್ಲಿ ಉಳಿದ ಪಟ್ಟಿಗಳಲ್ಲಿ ಅದೊಂದು.

“ಯಾರದಿದು?” ಆಯಿ ಕೇಳಿದಳು.

“ಇಲಿದವ್ವಾ. ಇಲಿ ಗರ್ಭಕೋಶದ್ದು.”

“ಇಲಿ ಸತ್ತತೇನು?”

“ಹೂಂ.”

ಆಯಿ ಕಣ್ಣು ಮುಚ್ಚಿ ಶಿವನ ಹೆಸರು ಹೇಳಿದಳು. ತೆರೆದಾಗ ಪರದೆಯ ಮೇಲಿನ ಗೆರೆ ತನ್ನಷ್ಟಕ್ಕೆ ಏಳುತ್ತ ಇಳಿಯುತ್ತ ಇತ್ತು. ಯಾರೂ ಹೇಳದೆ, ಯಾರೂ ಮುಟ್ಟದೆ. ಇಲಿ ಸತ್ತರೂ ಇದು ಹಡೀಬೇಕಂತೈತೆಲ್ಲೋ ಎಂದಳು. ಅಪ್ಪ ಮೊದಲು ಶುಂಠಿಯ ಸತ್ವದ ಹನಿ ಹಾಕಿದ. ಗುಡ್ಡಗಳು ತಗ್ಗಿ ದಿಬ್ಬಗಳಾದವು. ನೀರು ಬದಲಿಸಿ ತೊಳೆದ, ಗುಡ್ಡಗಳು ಮರಳಿದವು. ಆಮೇಲೆ ಹಸಿರು ಕಾಯಿಯನ್ನು ಗೀರಿ, ಒಸರಿದ ಬಿಳಿ ಹಾಲನ್ನು ತೆಳು ಮಾಡಿ ಹಾಕಿದ. ಗೆರೆ ಜಿಗಿದು ಎದ್ದು, ಕೆಳಗಿಳಿಯದೆ ಅಲ್ಲೇ ನಿಂತಿತು. ಆಯಿಯ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. “ನೋಡಿದ್ಯಾ” ಎಂದಳು, ಮಗನಿಗಲ್ಲ, ಯಾರಿಗೋ. ಅಪ್ಪ ಮತ್ತೆ ಮತ್ತೆ ತೊಳೆದ, ಗೆರೆ ಮೊದಲಿನ ಲಯಕ್ಕೆ ಬರುವವರೆಗೂ ಕಾದ. ಕೊನೆಗೆ ಹಳದಿ ಹಣ್ಣನ್ನು ಹಿಂಡಿ ಸೋಸಿದ ರಸ. ನಾವು ಮೂವರೂ ಪರದೆಗೆ ಕಣ್ಣು ನೆಟ್ಟು ಕೂತೆವು. ಗುಡ್ಡ, ತಗ್ಗು. ಗುಡ್ಡ, ತಗ್ಗು. ಮೊದಲು ಹೇಗಿತ್ತೋ ಹಾಗೇ. ಅಪ್ಪ ಇನ್ನಷ್ಟು ಹಾಕಿದ. ಹಾಗೇ.

“ಮತ್ತೊಮ್ಮಿ ಮಾಡು,” ಎಂದಳು ಆಯಿ.

ಅವನು ಹೊಸ ಪಟ್ಟಿ ಕಟ್ಟಿ ಮತ್ತೆ ಮಾಡಿದ. ಅವಳು ಸ್ಟೂಲಿನಿಂದ ಇಳಿದು ಪರದೆಯ ಹತ್ತಿರ ಹೋಗಿ ನಿಂತಳು. ಹಣ್ಣು ಪೂರ್ತಿ ಹಣ್ಣಾಗಿತ್ತೋ, ರಸ ನೀರಾಗಿತ್ತೋ, ಈ ಯಂತ್ರ ಸುಳ್ಳು ಹೇಳುವುದುಂಟೋ ಎಂದು ಒಂದೊಂದಾಗಿ ಕೇಳಿದಳು. ನನ್ನ ಶಾಲೆಯ ವಿಜ್ಞಾನದ ಟೀಚರೂ ಹಾಗೆ ಕೇಳುತ್ತಿರಲಿಲ್ಲ. ಕೊನೆಗೆ ಹೇಳಿದಳು.

“ಇದು ಇಲಿ. ನಾ ಇಲಿ ಅಲ್ಲ.”

“ಖರೆ,” ಎಂದ ಅಪ್ಪ. ಅವಳು ‘ನಾ’ ಎಂದದ್ದನ್ನು ಅವನು ಗಮನಿಸಲಿಲ್ಲ. ಸೊಸೆಯ ಮಾತು ನಡೆಯುತ್ತಿದೆ ಎಂದೇ ಅವನ ಎಣಿಕೆ. ನಾನೂ ಗಮನಿಸಲಿಲ್ಲ.

ಕಾರಿನಲ್ಲಿ ಆಯಿ ಮುಂದೆ ಕೂತಳು. ಸಣ್ಣ ಹನಿ ಬೀಳುತ್ತಿತ್ತು, ವೈಪರು ಆಗಾಗ ಒಮ್ಮೆ ಒರೆಸುತ್ತಿತ್ತು. ಅಪ್ಪ ಗೆದ್ದವನ ಹುರುಪಿನಲ್ಲಿ ಏನೇನೋ ಹೇಳುತ್ತಿದ್ದ. ಅವಳು ನಡುವೆ ಬಾಯಿ ಹಾಕಿದಳು.

“ಮಾಂತು, ನಿನಗಿಂತ ಮೊದಲ ಒಂದು ಹೆಣ್ಣಿತ್ತು.”

ಅಪ್ಪ ಮೊದಲು ಸಿಕ್ಕ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿಸಿದ. ಅದೊಂದು ಹಾಸಿಗೆ ಅಂಗಡಿಯ ಮುಂದಿನ ಜಾಗ. ಅಲ್ಲಿ ಕೂತು ಆಯಿ ಹೇಳಿದಳು. ಮದುವೆಯಾದ ಎರಡನೆಯ ವರ್ಷ ಬಸುರಿಯಾಗಿದ್ದಳು. ನೆರೆಮನೆಯಾಕೆ ತನ್ನ ಹಿತ್ತಲ ಗಿಡದ ಹಣ್ಣು, ಬಸುರಿಗೆ ಆಸೆ ಇರುತ್ತದೆ ಎಂದು ಒಂದು ದೊಡ್ಡ ಹೋಳು ಕೊಟ್ಟಳು. ನಿಂತಲ್ಲೇ ತಿಂದಳು. ಕರಿ ಬೀಜಗಳು ಬಚ್ಚಲಲ್ಲಿ ಉಳಿದವು. ಅವಳ ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಅದೇ ತಿಂಗಳು, ದಿನ ತುಂಬದೆ ನೋವು ಬಂದು ಕೂಸು ಹುಟ್ಟಿತು. ಬೆಕ್ಕಿನ ಮರಿಯಷ್ಟು ದನಿ. ದೀಪ ಹಚ್ಚುವ ಹೊತ್ತಿಗೆ ಆ ದನಿಯೂ ನಿಂತಿತು. ಆಗ ಅತ್ತೆ ಬೀಜದ ಮಾತು ಎತ್ತಿದರು. ಬಂದವರಿಗೆಲ್ಲ, ಬಾಯಿಚಪಲಕ್ಕೆ ಕೂಸು ಕಳಕೊಂಡಳು ಎಂದು ಹೇಳಿದರು. ಅವಳ ಗಂಡ, ನನ್ನ ಅಜ್ಜ, ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

“ನಾನ ಕೊಂದೆ ಅಂತ ತಿಳಕೊಂಡಿದ್ದೆ,” ಎಂದಳು ಆಯಿ. “ಇಷ್ಟ ವರ್ಷ. ಸುಮಾ ತಿಂದೆ ಅಂದಾಗ ನನ್ನ ಕೈಕಾಲು ತಣ್ಣಗಾದ್ವು.”

ಅಪ್ಪ ಸ್ಟಿಯರಿಂಗ್ ಬಿಟ್ಟು ಅವಳ ಕೈ ಹಿಡಿದುಕೊಂಡ.

“ಅವ್ವಾ, ಇಲಿ ಸ್ನಾಯು ನೋಡಿ ನಿನ್ನ ಹೊಟ್ಟಿ ಬಗ್ಗೆ ಆಣಿ ಮಾಡಿ ಹೇಳಾಕ ಆಗೂದಿಲ್ಲ. ಆದ್ರ ಒಂದು ಹೋಳು ಹಣ್ಣಿಗೆ ಆ ಶಕ್ತಿ ಇಲ್ಲ. ನನ್ನ ಕೆಲಸದ ಮ್ಯಾಲೆ ಇಷ್ಟು ಹೇಳತೀನಿ. ನಿಂದೇನೂ ತಪ್ಪಿಲ್ಲ.”

“ಮತ್ತ ಯಾಕ ಹೋತು ಅದು?”

“ಬಾಳ ಲಗೂ ಹುಟ್ಟಿದ್ದಕ್ಕ ಹೋತು. ಯಾಕ ಲಗೂ ಹುಟ್ಟಿತು, ಗೊತ್ತಿಲ್ಲವ್ವಾ. ಸುಮಾಗ ಯಾಕ ನೋವು ಬಂತು, ಅದು ಇಲ್ಲಿ ಡಾಕ್ಟರಿಗೂ ಗೊತ್ತಿಲ್ಲ.”

ಆಯಿ ಮಂಜುಗಟ್ಟಿದ ಗಾಜನ್ನು ಕೋಟಿನ ತೋಳಿನಿಂದ ಒರೆಸಿದಳು. ಅಳಲಿಲ್ಲ.

“ಗೊತ್ತಿಲ್ಲ ಅಂತ ಅವತ್ತ ಒಬ್ಬರರೇ ಅಂದಿದ್ರ ಸಾಕಾಗತಿತ್ತು,” ಎಂದಳು.

ನಾನು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಿದ್ದೆ. ಆಮೇಲೆ ಬಹಳಷ್ಟು ಓದಿದ್ದೇನೆ, ಪಾಸು ಮಾಡಿದ್ದೇನೆ. ಆದರೆ ತಿಳಿದವರು ಹೇಗಿರಬೇಕು ಎಂಬ ನನ್ನ ಲೆಕ್ಕಾಚಾರವೆಲ್ಲ ನಿಂತಿರುವುದು ಆ ಪಾರ್ಕಿಂಗ್ ಲಾಟಿನ ಮೇಲೆಯೇ. ಗೊತ್ತಿದ್ದದ್ದನ್ನು ಅಳುಕದೆ ಹೇಳಬೇಕು, ಗೊತ್ತಿಲ್ಲದ್ದನ್ನು ಅಷ್ಟೇ ಅಳುಕದೆ ಹೇಳಬೇಕು. ಎರಡರ ನಡುವೆ ಖಾಲಿ ಬಿಟ್ಟ ಜಾಗಕ್ಕೆ ಯಾರೋ ಬಂದು ಒಬ್ಬ ಹೆಂಗಸಿನ ಹೆಸರು ಬರೆದುಬಿಡುತ್ತಾರೆ.

ಮನೆಗೆ ಬಂದವಳೇ ಆಯಿ ಕೋಟು ಬಿಚ್ಚದೆ ಮೆಟ್ಟಿಲು ಹತ್ತಿದಳು. ಮಂಡಿನೋವಿನಿಂದ ಅವಳು ಮೇಲೆ ಹೋದದ್ದೇ ಕಡಿಮೆ. ರೇಖಾ ಆಂಟಿ ಕೆಳಗೆ ಬಂದರು, ಬಾಗಿಲು ಮುಚ್ಚಿತು. ನಾವು ಅಡುಗೆಮನೆಯಲ್ಲಿ ಚಹಾ ಕುದಿಸಿ, ಕುಡಿಯದೆ ಕೂತೆವು. ಮೊದಲು ಅಮ್ಮನ ಅಳು ಕೇಳಿಸಿತು, ಆಮೇಲೆ ಆಯಿಯದು. ಆಮೇಲೆ, ನಂಬಲಾಗದ ಹಾಗೆ, ನಗು. ಒಳಗೆ ಆಯಿ ಏನಂದಳೆಂದು ಅಮ್ಮ ನನಗೆ ಹೇಳಿದ್ದು ನಾನು ಕಾಲೇಜು ಸೇರಿದ ಮೇಲೆ.

“ನಿನಗ ಅಂದ ಮಾತು ನಂದಲ್ಲ ಸುಮಾ. ನನಗ ಅಂದಿದ್ರು. ಅದನ್ನ ಜ್ವಾಕಿಯಿಂದ ಇಟಗೊಂಡು, ತಂದು ನಿನಗ ಕೊಟ್ಟೆ.”

ನಕ್ಕದ್ದು ಯಾಕೆಂದರೆ, ಅಮ್ಮ ಮೂಗು ಒರೆಸಿಕೊಳ್ಳುತ್ತ, ಅತ್ತೆ, ನೀವು ನಿಜವಾಗ್ಲೂ ಇಲಿ ನೋಡೋಕೆ ಹೋಗಿದ್ರಾ ಎಂದು ಕೇಳಿದ್ದಕ್ಕೆ.

ನನ್ನ ತಮ್ಮ ಒಂದಷ್ಟು ದಿನ ಮುಂಚೆಯೇ ಹುಟ್ಟಿದ, ಆದರೆ ಬಾಥೆಲ್‌ಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತ. ಹೆಸರಿಡುವ ದಿನ ನಮ್ಮ ನಡುಮನೆಯ ಸೋಫಾ ಸರಿಸಿ, ಸೀರೆ ಹೊದಿಸಿದ ತೊಟ್ಟಿಲು ಇಟ್ಟೆವು. ಕೆಂಟ್‌ನವರು, ಲಿನ್‌ವುಡ್‌ನವರು, ಅಮ್ಮನ ಆಫೀಸಿನ ತೆಲುಗಿನವರು, ಎಲ್ಲ ಬಂದರು. ಬಾಗಿಲಲ್ಲಿ ಶೂಗಳ ರಾಶಿ. ಹೆಂಗಸರು ತೊಟ್ಟಿಲ ಸುತ್ತ ಕೂತಾಗ, ಹುಬ್ಬಳ್ಳಿ ಕಡೆಯ ರೇಖಾ ಆಂಟಿ ಕೇಳಿದರು.

“ಕೂಸಿನ ಸೋದರತ್ತಿ ಯಾರು? ಕಿವ್ಯಾಗ ಹೆಸರು ಹೇಳೂದು ಸೋದರತ್ತಿ ಅಲ್ಲೇನ್ರಿ?”

ಅಪ್ಪನಿಗೆ ಅಕ್ಕತಂಗಿಯರಿಲ್ಲ, ಯಾರಾದರೂ ಹೇಳಿ ಎಂದು ಅಮ್ಮ ಹೇಳುವಷ್ಟರಲ್ಲಿ ಆಯಿ ಎದ್ದು ನಿಂತಳು. ಅಷ್ಟು ಜನರ ನಡುವೆ, ಒಂದು ಚೂರೂ ನಡುಗದ ದನಿಯಲ್ಲಿ ಹೇಳಿದಳು.

“ಸೋದರತ್ತಿ ಇದ್ಲು. ನನ್ನ ಹಿರೇ ಮಗಳು. ಹುಟ್ಟಿದ ದಿನಾನ ಹೋದ್ಲು. ಅಕಿ ಸಲುವಾಗಿ ನಾ ಹೇಳತೀನಿ.”

ಅಮ್ಮ ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕೇಳಿದಳು, “ಅವರ ಹೆಸರೇನು ಅತ್ತೆ?”

“ಇಡಾಕ ಎಲ್ಲಿ ಬಿಟ್ರು. ನಾ ಒಬ್ಬಾಕಿನ ಕರೀತಿದ್ದೆ. ನೀಲವ್ವ ಅಂತ.”

ಅವಳು ಬಾಗಿ ತಮ್ಮನ ಕಿವಿಯಲ್ಲಿ ಅವನ ಹೆಸರು ಹೇಳಿದಳು. ಹೆಸರು ಹೇಳಿದವರ ಬೆನ್ನಿಗೆ ಗುದ್ದುವುದು ಪದ್ಧತಿ. ಹೆಂಗಸರು ಒಬ್ಬೊಬ್ಬರಾಗಿ ಅವಳ ಬೆನ್ನಿನ ಮೇಲೆ ಮೆಲ್ಲನೆ ಕೈ ಇಟ್ಟರು, ನಾನೂ ಇಟ್ಟೆ. ಅಪ್ಪ ಗಂಡಸರ ಗುಂಪಿನಲ್ಲಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ. ಕೈಯಲ್ಲಿ ಪಾಯಸದ ಬಟ್ಟಲು. ತಲೆಯಲ್ಲಿ ಅರ್ಧ ಬೆಳ್ಳಿಗೂದಲು ಬಂದಿದ್ದ ಆ ಮನುಷ್ಯ, ಯಾರಿಗೂ ಕೇಳಿಸದಷ್ಟು ಸಣ್ಣಗೆ, ಬಾಯಿಗೆ ಹೊಂದುತ್ತದೆಯೋ ಇಲ್ಲವೋ ಎಂದು ನೋಡುವವನಂತೆ ಹೇಳಿಕೊಂಡ.

“ನೀಲಕ್ಕಾ.”